ಪರದೆಯಲ್ಲಿ ಕಂಡದ್ದು ದೇಹದಲ್ಲಿ ಇದೆಯೇ? ಅಲ್ಟ್ರಾಸೌಂಡ್‌ನ ಹುಸಿ ಚಿತ್ರಗಳನ್ನು ಹಿಡಿಯುವ ಬಗೆ

ಆರು ವಾರದ ಗರ್ಭಿಣಿ. ಮೊದಲ ಸ್ಕ್ಯಾನ್. ಹೊಟ್ಟೆಗೆ ಜೆಲ್ ಹಚ್ಚಿ, ಹೊಕ್ಕುಳಿನ ಕೆಳಗೆ ನಟ್ಟನಡುವೆ ಪ್ರೋಬನ್ನು ಅಡ್ಡಕ್ಕೆ ಹಿಡಿದೆ. ಪರದೆಯಲ್ಲಿ ಎರಡು ಚೀಲ. ಪಕ್ಕಪಕ್ಕದಲ್ಲೇ, ಒಂದೇ ಅಳತೆ, ಒಂದೇ ಆಕಾರ. "ಅವಳಿ ಇದ್ದ ಹಾಗಿದೆಯಮ್ಮ" ಎಂದೆ. ಜೊತೆಗೆ ಬಂದಿದ್ದ ಅತ್ತೆಯ ಮುಖ ಅರಳಿತು. ಹನ್ನೆರಡು ದಿನ ಕಳೆದ ಮೇಲೆ ಬೇರೆ ಕಡೆ ಒಳಗಿನಿಂದ ಸ್ಕ್ಯಾನ್ ಮಾಡಿದಾಗ ಇದ್ದದ್ದು ಒಂದೇ. ಅವರು ನನ್ನ ಹತ್ತಿರ ವಾಪಸ್ ಬಂದು ಕೇಳಿದ್ದು ಒಂದೇ ಮಾತು: "ಇನ್ನೊಂದು ಏನಾಯ್ತು ಡಾಕ್ಟ್ರೇ?"

ಅದಕ್ಕೆ ಏನೂ ಆಗಿರಲಿಲ್ಲ. ಅದು ಇರಲೇ ಇಲ್ಲ. ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ ವಿಷಯ ಸ್ಪಷ್ಟವಾಯಿತು. ಒಂದೇ ಚೀಲವನ್ನು ಶಬ್ದದ ಅಲೆ ಎರಡು ಕಡೆಯಿಂದ ಬಾಗಿ ಹೋಗಿ ಮುಟ್ಟಿತ್ತು, ಮಷೀನ್ ಅದನ್ನು ಎರಡಾಗಿ ಬರೆದಿತ್ತು. ಆ ಮನೆಯವರು ಇಲ್ಲದ ಒಂದು ಮಗುವಿಗಾಗಿ ಅತ್ತಿದ್ದರು. ನಾನು ಪ್ರೋಬನ್ನು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿ ನೋಡಿದ್ದರೆ ಸಾಕಿತ್ತು.

ಸ್ಕ್ಯಾನ್ ಕಲಿಯುತ್ತಿರುವ ಡಾಕ್ಟರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪುಸ್ತಕಗಳಲ್ಲಿ ಆರ್ಟಿಫ್ಯಾಕ್ಟುಗಳ, ಅಂದರೆ ಈ ಹುಸಿ ಚಿತ್ರಗಳ, ಪಟ್ಟಿ ಇದೆ, ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ. ಆದರೆ ಹೊರಗೆ ಮೂವತ್ತು ಜನ ಕಾಯುತ್ತಿರುವಾಗ, ಪರದೆಯಲ್ಲಿ ಏನೋ ಕಂಡಾಗ, ಆ ಕ್ಷಣದಲ್ಲಿ ಕೈ ಏನು ಮಾಡಬೇಕು ಅನ್ನುವುದು ಬೇರೆಯೇ ಪಾಠ.

ಮಷೀನ್ ಏನನ್ನು ನಂಬಿದೆ

ಮಷೀನಿಗೆ ದೇಹ ಕಾಣುವುದಿಲ್ಲ. ಅದಕ್ಕೆ ಕೇಳಿಸುವುದು ಮಾರ್ದನಿ ಮಾತ್ರ. ಶಬ್ದ ಕಳಿಸುತ್ತದೆ, ಕಾಯುತ್ತದೆ, ಮಾರ್ದನಿ ಎಷ್ಟು ಹೊತ್ತಿಗೆ ಬಂತು ಎಂದು ಲೆಕ್ಕ ಹಾಕಿ ಚುಕ್ಕಿ ಇಡುತ್ತದೆ. ಶಬ್ದ ಎಲ್ಲ ಕಡೆ ಸೆಕೆಂಡಿಗೆ 1540 ಮೀಟರ್ ವೇಗದಲ್ಲೇ ಹೋಗುತ್ತದೆ ಎಂದು ಅದು ನಂಬಿದೆ. ಅಂದರೆ 1 ಸೆಂ.ಮೀ. ಆಳಕ್ಕೆ ಹೋಗಿ ಬರಲು 13 ಮೈಕ್ರೋಸೆಕೆಂಡ್. 130 ಮೈಕ್ರೋಸೆಕೆಂಡಿಗೆ ಬಂದ ಮಾರ್ದನಿಯನ್ನು ಯಾವ ಪ್ರಶ್ನೆಯೂ ಇಲ್ಲದೆ 10 ಸೆಂ.ಮೀ. ಆಳದಲ್ಲಿ ಇಡುತ್ತದೆ.

ಅದರ ಉಳಿದ ನಂಬಿಕೆಗಳೂ ಇಷ್ಟೇ ಸರಳ. ಶಬ್ದ ನೇರವಾಗಿ ಹೋಗುತ್ತದೆ, ಬಾಗುವುದಿಲ್ಲ. ಒಂದೇ ಸಲ ಬಡಿದು ವಾಪಸ್ ಬರುತ್ತದೆ. ಬಂದದ್ದೆಲ್ಲ ಬೀಮಿನ, ಅಂದರೆ ಶಬ್ದದ ಕಿರಣದ, ನಡುಗೆರೆಯಿಂದಲೇ ಬಂದದ್ದು. ಆಳಕ್ಕೆ ಹೋದ ಹಾಗೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಸೊರಗುತ್ತದೆ. ದೇಹ ಇದರಲ್ಲಿ ಒಂದನ್ನೂ ಪೂರ್ತಿ ಪಾಲಿಸುವುದಿಲ್ಲ. ಕೊಬ್ಬಿನಲ್ಲಿ ವೇಗ 1450ರ ಆಸುಪಾಸು. ಗಾಳಿ ಸಿಕ್ಕರೆ ಹೆಚ್ಚುಕಡಿಮೆ ಎಲ್ಲ ಶಬ್ದವೂ ವಾಪಸ್. ಗುಂಡಗಿನ ಗೋಡೆಗೆ ಓರೆಯಾಗಿ ತಗುಲಿದರೆ ಬಾಗಿ ಆಚೆ ಹೋಗಿಬಿಡುತ್ತದೆ.

ಆದ್ದರಿಂದ ಅನುಮಾನ ಬಂದಾಗ ಆರ್ಟಿಫ್ಯಾಕ್ಟಿನ ಹೆಸರು ಹುಡುಕಲು ಹೋಗಬೇಡಿ. ಮಷೀನಿನ ಯಾವ ನಂಬಿಕೆ ಇಲ್ಲಿ ಮುರಿದಿದೆ ಎಂದು ಕೇಳಿಕೊಳ್ಳಿ. ಕೇಳಿಕೊಂಡರೆ ಮುಂದೇನು ಮಾಡಬೇಕು ಅನ್ನುವುದೂ ತಾನಾಗಿ ಹೊಳೆಯುತ್ತದೆ. ಶಬ್ದ ಬಾಗಿದ್ದರೆ ಪ್ರೋಬಿನ ಕೋನ ಬದಲಿಸಬೇಕು. ಎರಡು ಸಲ ಬಡಿದು ಬಂದಿದ್ದರೆ ಬೇರೆ ಜಾಗದಿಂದ ನೋಡಬೇಕು. ಪಕ್ಕದ ಮಾರ್ದನಿ ನುಗ್ಗಿದ್ದರೆ ಗೇನ್ (ಮಾರ್ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿ ಫೋಕಸ್ ಸರಿಪಡಿಸಬೇಕು.

ಮೊದಲು ಮಷೀನನ್ನೇ ಅನುಮಾನಿಸಿ

ಇದು ಬೇಗ ಮುಗಿಯುವ ಕೆಲಸ, ಆದರೆ ತುಂಬಾ ಜನ ಮಾಡುವುದಿಲ್ಲ. ಪರದೆಯಲ್ಲಿ ಮೇಲಿಂದ ಕೆಳಗೆ ಒಂದು ಕಪ್ಪು ಪಟ್ಟಿ ಬರುತ್ತಿದೆ. ಪಕ್ಕೆಲುಬಿನ ನೆರಳೋ, ಗ್ಯಾಸೋ, ಜೆಲ್ ಸಾಲದೋ, ಅಥವಾ ಪ್ರೋಬೇ ಕೆಟ್ಟಿದೆಯೋ? ಪ್ರೋಬನ್ನು ಸರಿಸಿ. ಪಟ್ಟಿ ದೇಹಕ್ಕೆ ಅಂಟಿಕೊಂಡಿದ್ದರೆ ಅದು ಪರದೆಯಲ್ಲಿ ಜಾಗ ಬದಲಿಸುತ್ತದೆ. ಎಲ್ಲಿ ಇಟ್ಟರೂ, ಯಾವ ರೋಗಿಗೆ ಇಟ್ಟರೂ, ಪರದೆಯ ಅದೇ ಜಾಗದಲ್ಲಿ ನಿಂತಿದ್ದರೆ ತಪ್ಪು ಪ್ರೋಬಿನದು.

ಖಚಿತ ಮಾಡಿಕೊಳ್ಳಲು ಪ್ರೋಬನ್ನು ಒರೆಸಿ, ಜೆಲ್ ಇಲ್ಲದೆ ಗಾಳಿಯಲ್ಲಿ ಹಿಡಿದು ಗೇನ್ ಏರಿಸಿ. ಮುಖಕ್ಕೆ ಸಮಾನಾಂತರವಾಗಿ ಬಿಳಿ ಗೆರೆಗಳು ಉದ್ದಕ್ಕೂ ಒಂದೇ ಥರ ಕಾಣಬೇಕು. ನಡುವೆ ಎಲ್ಲಾದರೂ ಕಪ್ಪಾಗಿ ತುಂಡಾಗಿದ್ದರೆ ಆ ಭಾಗದ ಹರಳುಗಳು ಕೆಲಸ ಮಾಡುತ್ತಿಲ್ಲ, ಇಲ್ಲವೇ ಒಳಗೆ ತಂತಿ ಕಡಿದಿದೆ. ಪೇಪರ್ ಕ್ಲಿಪ್ಪಿನ ಬೆನ್ನನ್ನು ಪ್ರೋಬಿನ ಮೇಲೆ ಮೆಲ್ಲಗೆ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಸಿದರೆ, ಅದರ ಕೆಳಗಿನ ಹೊಳಪು ಎಲ್ಲಿ ಮಂಕಾಗುತ್ತದೆ ಎಂದೂ ತಿಳಿಯುತ್ತದೆ. ಪ್ರೋಬಿನ ಕುತ್ತಿಗೆ ಹತ್ತಿರ ಕೇಬಲ್ಲನ್ನು ಅಲುಗಿಸಿದಾಗ ಪಟ್ಟಿ ಬಂದು ಹೋಗುತ್ತಿದ್ದರೆ ಕೇಬಲ್ಲಿನ ದೋಷ. ಟ್ರಾಲಿ ಚಕ್ರ ಕೇಬಲ್ಲಿನ ಮೇಲೆ ಹತ್ತುವುದು ಇದಕ್ಕೆ ದೊಡ್ಡ ಕಾರಣ. ದಯವಿಟ್ಟು ಕೇಬಲ್ಲನ್ನು ಕೊಕ್ಕೆಗೆ ಹಾಕಿ ಇಡಿ.

ಇನ್ನು ಚಿತ್ರದ ತುಂಬ ಮಿಣುಕುವ ಪಟ್ಟಿಗಳು ಅಥವಾ ಒಂದೇ ಅಂತರದ ಚುಕ್ಕಿಗಳು ಓಡುತ್ತಿದ್ದರೆ ಅದು ಕರೆಂಟಿನ ಗಲಾಟೆ. ಆಪರೇಷನ್ ಥಿಯೇಟರಿನಲ್ಲಿ ಕಾಟರಿ (ಕರೆಂಟಿನಿಂದ ಸುಡುವ ಉಪಕರಣ) ಒತ್ತಿದಾಗ ಬರುವುದನ್ನು ಎಲ್ಲರೂ ನೋಡಿದ್ದೀರಿ. ಐಸಿಯುನಲ್ಲಿ ಪಂಪುಗಳು, ಚಾರ್ಜರುಗಳು ಒಂದೇ ಬೋರ್ಡಿನಲ್ಲಿ ಇದ್ದಾಗಲೂ ಬರುತ್ತದೆ. ಬೇರೆ ಸಾಕೆಟ್ಟಿಗೆ ಹಾಕಿ ನೋಡಿ, ಬ್ಯಾಟರಿ ಇರುವ ಮಷೀನಾದರೆ ಪ್ಲಗ್ ಕಿತ್ತು ನೋಡಿ. ನಿಂತರೆ ಅರ್ತಿಂಗ್ ಪರೀಕ್ಷೆ ಮಾಡಿಸಿ.

ಪಿತ್ತಕೋಶ: ಅತಿ ಹೆಚ್ಚು ಮೋಸ ಹೋಗುವ ಜಾಗ

ನನ್ನ ಅನುಭವದಲ್ಲಿ ಹುಸಿ ಚಿತ್ರಗಳಿಗೆ ಇದಕ್ಕಿಂತ ಹೇಳಿ ಮಾಡಿಸಿದ ಅಂಗ ಇಲ್ಲ. ದ್ರವ ತುಂಬಿದ, ಗೋಡೆ ಗುಂಡಗಿರುವ ಚೀಲ. ಪಕ್ಕದಲ್ಲೇ ಗ್ಯಾಸ್ ತುಂಬಿದ ಕರುಳು. ಇಲ್ಲಿ ಮಾಡುವ ತಪ್ಪಿಗೆ ಬೆಲೆಯೂ ಜಾಸ್ತಿ, ಏಕೆಂದರೆ ಇಲ್ಲದ ಕಲ್ಲಿಗೆ ಆಪರೇಷನ್ ಮಾತು ಶುರುವಾಗುತ್ತದೆ.

ಮೊದಲನೆಯದು ಕತ್ತಿನ ನೆರಳು. ಪಿತ್ತಕೋಶದ ಕತ್ತು ಬಾಗುವಲ್ಲಿ ಗೋಡೆಯ ಅಂಚಿನಿಂದ ಸಣ್ಣದೊಂದು ನೆರಳು ಕೆಳಗೆ ಇಳಿಯುತ್ತದೆ. ನೋಡಿದ ತಕ್ಷಣ ಕತ್ತಿನಲ್ಲಿ ಕಲ್ಲು ಸಿಕ್ಕಿಕೊಂಡಿದೆ ಅನ್ನಿಸುತ್ತದೆ. ನೆರಳಿನ ತಲೆಯ ಮೇಲೆ ಏನಿದೆ ನೋಡಿ. ಕಲ್ಲಾದರೆ ಅಲ್ಲಿ ಒಂದು ಬಿಳಿ ಕಮಾನು ಇರುತ್ತದೆ. ಅಂಚಿನ ನೆರಳಿಗೆ ತಲೆಯೇ ಇರುವುದಿಲ್ಲ, ಅದು ಬಾಗಿದ ಗೋಡೆಯಿಂದಲೇ ಹೊರಡುತ್ತದೆ. ಪ್ರೋಬನ್ನು ಕೊಂಚ ಓರೆ ಮಾಡಿದರೆ ಜಾಗ ಬದಲಿಸುತ್ತದೆ ಅಥವಾ ಮಾಯವಾಗುತ್ತದೆ. ಹಾಗೆಂದು ನೆರಳು ಮಾಯವಾದ ಕೂಡಲೇ ಮುಂದಕ್ಕೆ ಹೋಗಬೇಡಿ. ಕತ್ತಿನ ಕಲ್ಲು ಮಲಗಿದ ಭಂಗಿಯಲ್ಲಿ ಅಡಗಿರುವುದೂ ಉಂಟು. ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ ಕತ್ತನ್ನು ಪೂರ್ತಿ ಬಿಡಿಸಿ ನೋಡಿ.

ಎರಡನೆಯದು ಹುಸಿ ಸ್ಲಜ್. ಪಿತ್ತಕೋಶದ ತಳದಲ್ಲಿ ಬೂದು ಬಣ್ಣದ ಕೆಸರು ಕಾಣುತ್ತದೆ. ಬೀಮಿಗೆ ಕಾಗದದ ಹಾಗೆ ಶೂನ್ಯ ದಪ್ಪ ಇರುವುದಿಲ್ಲ, ಅದಕ್ಕೂ ಅಗಲವಿದೆ, ಪಕ್ಕಕ್ಕೆ ಚಾಚುವ ದುರ್ಬಲ ಎಳೆಗಳೂ ಇವೆ. ಪಕ್ಕದ ಗೋಡೆಯಿಂದ, ಕರುಳಿನ ಗ್ಯಾಸಿನಿಂದ ಬಂದ ಮಾರ್ದನಿಯನ್ನು ಮಷೀನ್ ಪಿತ್ತದ ಒಳಗೆ ಇಟ್ಟುಬಿಡುತ್ತದೆ. ನಿಜವಾದ ಸ್ಲಜ್ ನೀರಿನಲ್ಲಿ ಮಣ್ಣು ಕೂತ ಹಾಗೆ ಮೇಲ್ಮೈ ಮಟ್ಟಸವಾಗಿ ಕೂರುತ್ತದೆ. ಹುಸಿಯದು ಗೋಡೆಯ ಬಾಗಿಗೆ ತಕ್ಕ ಹಾಗೆ ಬಾಗಿರುತ್ತದೆ. "ಅಮ್ಮಾ, ಸ್ವಲ್ಪ ಎಡಕ್ಕೆ ತಿರುಗಿ ಮಲಗಿ" ಎಂದು ಹೇಳಿ, ಒಂದೆರಡು ನಿಮಿಷ ಕಾಯಿರಿ. ನಿಜವಾದ ಸ್ಲಜ್ ನಿಧಾನವಾಗಿ ಕೆಳಗಿನ ಮಗ್ಗುಲಿಗೆ ಜಾರುತ್ತದೆ. ಆ ನಿಮಿಷಗಳ ಮೇಲೆ ಜಿಪುಣತನ ಬೇಡ. ಅಂಟಂಟಾದ ಸ್ಲಜ್ ಹತ್ತು ಸೆಕೆಂಡಿನಲ್ಲಿ ಜಾರುವುದಿಲ್ಲ, ಅವಸರ ಮಾಡಿದರೆ ನಿಜವನ್ನೇ ಹುಸಿ ಎಂದು ಬರೆಯುತ್ತೀರಿ.

ಮೂರನೆಯದು ಪಕ್ಕದ ಡ್ಯುಯೋಡಿನಮ್, ಅಂದರೆ ಸಣ್ಣ ಕರುಳಿನ ಮೊದಲ ಭಾಗ. ಅದರ ಗ್ಯಾಸ್ ಪಿತ್ತಕೋಶದ ಗೋಡೆಗೆ ಒತ್ತಿಕೊಂಡಿದ್ದರೆ ಬಿಳಿ ಕಮಾನು, ಕೆಳಗೆ ನೆರಳು, ಎಲ್ಲವೂ ಕಲ್ಲಿನ ಹಾಗೆಯೇ. ಆದರೆ ಕಲ್ಲಿನ ನೆರಳು ಶುದ್ಧ ಕಪ್ಪು. ಗ್ಯಾಸಿನ ನೆರಳು ಕೊಳಕು, ಒಳಗೆ ಬೂದು ಗೆರೆಗಳು ತುಂಬಿರುತ್ತವೆ. ಅರ್ಧ ನಿಮಿಷ ಪ್ರೋಬನ್ನು ಅಲುಗಿಸದೆ ಹಿಡಿಯಿರಿ, ಕರುಳಾದರೆ ಹೊರಳುತ್ತದೆ. ಇಲ್ಲವಾದರೆ ಒಂದು ಲೋಟ ನೀರು ಕುಡಿಸಿ, ನೀರು ಅದರೊಳಗೆ ಹಾಯ್ದು ಹೋಗುವುದು ಕಣ್ಣಿಗೇ ಕಾಣುತ್ತದೆ.

ಇದರ ತಿರುಗುಮುರುಗು ತಪ್ಪನ್ನೂ ಹೇಳಬೇಕು. ಕಲ್ಲು ಇದೆ, ನೆರಳು ಇಲ್ಲ. ಎರಡು ಮೂರು ಮಿಲಿಮೀಟರಿನ ಕಲ್ಲು ಬೀಮಿಗಿಂತ ಕಿರಿದಾಗಿದ್ದರೆ ಶಬ್ದ ಅದರ ಎರಡೂ ಪಕ್ಕದಿಂದ ಹಾದುಹೋಗಿ ನೆರಳನ್ನು ತುಂಬಿಬಿಡುತ್ತದೆ. ಫೋಕಸನ್ನು ಕಲ್ಲಿನ ಆಳಕ್ಕೇ ತನ್ನಿ. ಫ್ರೀಕ್ವೆನ್ಸಿ ಏರಿಸಿ. ಹಾರ್ಮೋನಿಕ್ (ಮಾರ್ದನಿಯ ಇಮ್ಮಡಿ ಫ್ರೀಕ್ವೆನ್ಸಿಯಿಂದ ಚಿತ್ರ ಬರೆಯುವ ವಿಧಾನ) ಹಾಕಿ. ಮುಖ್ಯವಾಗಿ ಕಾಂಪೌಂಡ್ ಇಮೇಜಿಂಗ್ ಆಫ್ ಮಾಡಿ. ಕಾಂಪೌಂಡಿನಲ್ಲಿ ಮಷೀನ್ ಹಲವು ಕೋನಗಳಿಂದ ನೋಡಿ ಚಿತ್ರಗಳನ್ನು ಬೆರೆಸುತ್ತದೆ, ಚಿತ್ರ ನುಣುಪಾಗುತ್ತದೆ, ನೆರಳು ಅಳಿಸಿಹೋಗುತ್ತದೆ. ಈಗಿನ ಎಷ್ಟೋ ಮಷೀನುಗಳಲ್ಲಿ ಅದು ಮೊದಲಿನಿಂದಲೇ ಆನ್ ಆಗಿರುತ್ತದೆ. ಚೆಂದದ ಚಿತ್ರ ಬಂತೆಂದು ಸುಮ್ನೆ ಬಿಟ್ಟರೆ ಕಲ್ಲು ತಪ್ಪಿಹೋಗುತ್ತದೆ.

ಕನ್ನಡಿ

ಎದೆಗೂ ಹೊಟ್ಟೆಗೂ ನಡುವಿನ ವಪೆ, ಅದರ ಆಚೆ ಗಾಳಿ ತುಂಬಿದ ಶ್ವಾಸಕೋಶ. ಇವೆರಡೂ ಸೇರಿ ಒಳ್ಳೆಯ ಕನ್ನಡಿಯಾಗುತ್ತವೆ. ಲಿವರಿನ ಒಂದು ಗಡ್ಡೆಯಿಂದ ಬಂದ ಶಬ್ದ ಈ ಕನ್ನಡಿಗೆ ಬಡಿದು ಸುತ್ತಿ ಬಂದರೆ ತಡವಾಗಿ ಬರುತ್ತದೆ. ತಡ ಎಂದರೆ ಆಳ ಎಂದೇ ಮಷೀನ್ ತಿಳಿಯುವುದು. ಹಾಗಾಗಿ ಅದೇ ಗಡ್ಡೆಯ ಇನ್ನೊಂದು ಪ್ರತಿ ಶ್ವಾಸಕೋಶದಲ್ಲಿ ಕಾಣುತ್ತದೆ. ಗಡ್ಡೆ ಇಲ್ಲದಿದ್ದರೂ ಲಿವರಿನ ಮೈಯೇ ವಪೆಯ ಮೇಲೆ ಪ್ರತಿಬಿಂಬಿಸಿ, ನ್ಯುಮೋನಿಯಾದಿಂದ ಗಟ್ಟಿಯಾದ ಶ್ವಾಸಕೋಶದ ಥರ ಕಾಣಬಹುದು.

ಇಲ್ಲಿ ನನಗೆ ತುಂಬಾ ನೆರವಾಗುವ ಗುರುತು ಬೆನ್ನುಮೂಳೆ. ಆರೋಗ್ಯವಾದ ಶ್ವಾಸಕೋಶದಲ್ಲಿ ಗಾಳಿ ಶಬ್ದವನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಬೆನ್ನುಮೂಳೆಯ ಗೆರೆ ವಪೆಯ ಹತ್ತಿರ ಬಂದು ನಿಂತುಹೋಗುತ್ತದೆ. ಅದು ವಪೆ ದಾಟಿ ಮೇಲಕ್ಕೂ ಕಾಣುತ್ತಿದ್ದರೆ ಅಲ್ಲಿ ಗಾಳಿ ಇಲ್ಲ. ನೀರು ತುಂಬಿದೆ ಅಥವಾ ಶ್ವಾಸಕೋಶ ನಿಜವಾಗಿಯೂ ಗಟ್ಟಿಯಾಗಿದೆ. ಗಡ್ಡೆಯ ವಿಷಯಕ್ಕೆ ಬಂದರೆ, ನಿಜವಾದದ್ದು ಯಾವಾಗಲೂ ಪ್ರೋಬಿಗೆ ಹತ್ತಿರದ್ದು. ಬೇರೆ ಪಕ್ಕೆಲುಬಿನ ಸಂದಿನಿಂದ ನೋಡಿ, ಉಸಿರು ಎಳೆದು ಹಿಡಿಯಲು ಹೇಳಿ. ಪ್ರತಿಬಿಂಬ ಆಕಾರ ಕೆಡಿಸಿಕೊಳ್ಳುತ್ತದೆ, ಇಲ್ಲವೇ ಹೋಗಿಬಿಡುತ್ತದೆ.

ಕತ್ತಿನ ಕೆಳಗೆ ಶ್ವಾಸಕೋಶದ ತುದಿಯ ಮೇಲೆ ಸಬ್‌ಕ್ಲೇವಿಯನ್ ರಕ್ತನಾಳ ಎರಡಾಗಿ ಕಾಣುವುದೂ ಇದೇ ಕನ್ನಡಿಯಿಂದ. ಕಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್) ಹಾಕಿದರೆ ಪ್ರತಿಬಿಂಬಕ್ಕೂ ಬಣ್ಣ ಬರುತ್ತದೆ. ಬಣ್ಣ ಬಂತು, ಹಾಗಾಗಿ ನಿಜ ಅನ್ನಬೇಡಿ.

ವಪೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಲಿವರಿನಲ್ಲಿ ಕೊಬ್ಬಿನ ಗಡ್ಡೆ ಇದ್ದರೆ ಅದರ ಹಿಂದಿನ ವಪೆ ಮುರಿದ ಹಾಗೆ ಕಾಣುತ್ತದೆ. ಕೊಬ್ಬಿನಲ್ಲಿ ಶಬ್ದ ನಿಧಾನ. 3 ಸೆಂ.ಮೀ. ಕೊಬ್ಬು ದಾಟುವಷ್ಟರಲ್ಲಿ ಹಿಂದಿನ ಗೆರೆ ಸುಮಾರು 2 ಮಿ.ಮೀ. ಆಳಕ್ಕೆ ಸರಿದುಬಿಡುತ್ತದೆ. ವಪೆ ಮುರಿದಿಲ್ಲ. ಬದಲಿಗೆ, ಆ ಗಡ್ಡೆಯಲ್ಲಿ ಕೊಬ್ಬಿದೆ ಎಂಬ ಸುಳಿವು ನಿಮಗೆ ಸಿಕ್ಕಿತು.

ಒಂದು ಎರಡಾಗುವುದು

ಈಗ ಆ ಅವಳಿಯ ವಿಷಯ. ಹೊಟ್ಟೆಯ ನಡುಗೆರೆಯ ಎರಡು ಪಕ್ಕ ರೆಕ್ಟಸ್ ಸ್ನಾಯುಗಳಿವೆ, ಅವುಗಳ ಅಂಚಿನಲ್ಲಿ ಕೊಬ್ಬು. ಸ್ನಾಯುವಿನಲ್ಲಿ ಒಂದು ವೇಗ, ಕೊಬ್ಬಿನಲ್ಲಿ ಇನ್ನೊಂದು. ಪ್ರೋಬನ್ನು ನಡುಗೆರೆಯಲ್ಲಿ ಅಡ್ಡ ಹಿಡಿದಾಗ ಎಡಗಡೆಯಿಂದ ಹೊರಟ ಶಬ್ದವೂ ಬಲಗಡೆಯಿಂದ ಹೊರಟ ಶಬ್ದವೂ ಒಳಕ್ಕೆ ಬಾಗಿ ಒಂದೇ ಚೀಲವನ್ನು ಮುಟ್ಟುತ್ತವೆ. ನೀರಿಗೆ ಇಳಿಬಿಟ್ಟ ಕೋಲು ಡೊಂಕಾಗಿ ಕಾಣುತ್ತದೆ ಅಲ್ವಾ, ಅದೇ ತತ್ವ. ಮಷೀನ್ ಮಾತ್ರ ಎರಡೂ ನೇರವಾಗಿಯೇ ಹೋದವು ಎಂದು ನಂಬಿ ಎರಡು ಚೀಲ ಬರೆಯುತ್ತದೆ. ಕಾಪರ್-ಟಿ ಎರಡಾಗಿ ಕಾಣುವುದು, ಅಯೋರ್ಟಾ ಪಕ್ಕಪಕ್ಕ ಎರಡಿರುವುದು, ಎಲ್ಲ ಇದೇ.

ಪ್ರೋಬನ್ನು ಉದ್ದಕ್ಕೆ ತಿರುಗಿಸಿ. ನಡುಗೆರೆಯಿಂದ ಪಕ್ಕಕ್ಕೆ ಸರಿದು, ಒಂದು ಸ್ನಾಯುವಿನ ಮೂಲಕ ಮಾತ್ರ ನೋಡಿ. ಹುಸಿಯಾದರೆ ಎರಡು ಒಂದಾಗುತ್ತದೆ. ಎರಡು ಚೀಲಗಳ ನಡುವೆ ಗೋಡೆ ಇದೆಯೇ, ಎರಡರಲ್ಲೂ ಯೋಕ್ ಸ್ಯಾಕ್ (ಭ್ರೂಣವನ್ನು ಪೋಷಿಸುವ ಪುಟ್ಟ ಚೀಲ) ಬೇರೆಬೇರೆಯಾಗಿ ಕಾಣುತ್ತಿದೆಯೇ, ಎರಡು ಹೃದಯಗಳ ಬಡಿತ ಬೇರೆ ಇದೆಯೇ ನೋಡಿ. ಹೆಂಗಸು ಒಪ್ಪಿದರೆ ಒಳಗಿನಿಂದ ಸ್ಕ್ಯಾನ್ ಮಾಡಿ, ಅಲ್ಲಿ ದಾರಿಯಲ್ಲಿ ಈ ಸ್ನಾಯುಗಳೇ ಬರುವುದಿಲ್ಲ. ಇದಾವುದನ್ನೂ ಮಾಡುವ ಮೊದಲು ಬಾಯಿ ಬಿಟ್ಟು ಏನೂ ಹೇಳಬೇಡಿ. ನಮ್ಮ ಮಾತು ಮನೆಗೆ ಹೋಗಿ ಬೆಳೆಯುತ್ತದೆ.

ಇದರ ಹತ್ತಿರದ ಇನ್ನೊಂದು ಅಪಾಯ: ಗರ್ಭಕೋಶದ ಹಿಂದೆ ರೆಕ್ಟಮ್ಮಿನ (ಗುದನಾಳದ) ಗ್ಯಾಸ್ ಕನ್ನಡಿಯಾಗಿ, ಚೀಲ ಗರ್ಭಕೋಶದ ಹೊರಗೆ ಹಿಂದೆ ಇನ್ನೊಂದಿದ್ದ ಹಾಗೆ ಕಾಣಬಹುದು. ಎಕ್ಟೋಪಿಕ್ (ಗರ್ಭಕೋಶದ ಹೊರಗೆ ನಿಂತ ಗರ್ಭ) ಎಂದು ಹೆದರಿಸುವ ಮೊದಲು ಕೋನ ಬದಲಿಸಿ, ಮೆಲ್ಲಗೆ ಒತ್ತಿ ಗ್ಯಾಸ್ ಸರಿಸಿ ನೋಡಿ. ಆದರೆ ಹೊಟ್ಟೆನೋವು, ರಕ್ತಸ್ರಾವ, ತಲೆಸುತ್ತು ಇದ್ದರೆ ಹುಸಿ ಎಂದುಕೊಂಡು ಮನೆಗೆ ಕಳಿಸಬೇಡಿ. ಅನುಮಾನ ಉಳಿದರೆ ಅದನ್ನು ನಿಜವೆಂದೇ ಎಣಿಸಿ ನಿಗಾ ಇಡಬೇಕು.

ನೆರವಿಗೆ ಬರುವ ಹುಸಿಗಳು

ಎಲ್ಲ ಆರ್ಟಿಫ್ಯಾಕ್ಟುಗಳನ್ನೂ ಓಡಿಸಬೇಕಿಲ್ಲ. ಕಲ್ಲನ್ನು ಹಿಡಿಯುವುದೇ ನೆರಳಿನಿಂದ. ಸಿಸ್ಟ್ ಹಿಂದಿನ ಹೊಳಪು ಒಳಗಿರುವುದು ದ್ರವ ಎಂದು ಹೇಳುತ್ತದೆ: ದ್ರವದಲ್ಲಿ ಶಬ್ದ ಸೊರಗುವುದಿಲ್ಲ, ಆಳಕ್ಕೆಂದು ಮಷೀನ್ ಕೊಡುವ ಹೆಚ್ಚುವರಿ ಬಲ ಹಿಂದಿನ ಮಾಂಸಕ್ಕೆ ಜಾಸ್ತಿಯಾಗುತ್ತದೆ. ಆದರೆ ಲಿಂಫೋಮಾದ (ದುಗ್ಧಗ್ರಂಥಿಯ ಕ್ಯಾನ್ಸರಿನ) ಗಂಟುಗಳು ಗಟ್ಟಿಯಾಗಿದ್ದರೂ ಕಪ್ಪಗೆ, ಹಿಂದೆ ಹೊಳೆಯುತ್ತಾ ಸಿಸ್ಟ್ ಥರ ಕಾಣಬಹುದು. ಡಾಪ್ಲರ್ ಹಾಕಿ ಒಳಗೆ ರಕ್ತನಾಳ ಇದೆಯೇ ನೋಡಿ. ಪಿತ್ತಕೋಶದ ಗೋಡೆಯಿಂದ ಇಳಿಯುವ, ಧೂಮಕೇತುವಿನ ಬಾಲದಂಥ ಹೊಳಪು ಅಡಿನೋಮಯೋಮಟೋಸಿಸ್ಸಿನ (ಗೋಡೆ ದಪ್ಪವಾಗುವ, ಕ್ಯಾನ್ಸರ್ ಅಲ್ಲದ ತೊಂದರೆಯ) ಗುರುತು. ಥೈರಾಯ್ಡಿನಲ್ಲಿ ಅದೇ ಬಾಲ ಕೊಲಾಯ್ಡ್, ಅಂದರೆ ಗ್ರಂಥಿಯೊಳಗಿನ ಅಂಟುದ್ರವ. ಶ್ವಾಸಕೋಶದ ಸ್ಕ್ಯಾನಂತೂ ಪೂರ್ತಿ ಹುಸಿ ಚಿತ್ರಗಳನ್ನೇ ಓದುವ ವಿದ್ಯೆ. ಒಂದೇ ಅಂತರದ ಅಡ್ಡ ಗೆರೆಗಳಾದರೆ ಒಳಗೆ ಗಾಳಿ. ಒಂದು ಪಕ್ಕೆಲುಬಿನ ಸಂದಿನಲ್ಲಿ ಮೂರು ಅಥವಾ ಹೆಚ್ಚು ಬಿ-ಲೈನುಗಳು (ಮೇಲಿಂದ ಕೆಳಗಿನ ಬಿಳಿ ಗೆರೆಗಳು) ಇಳಿದರೆ ಅಲ್ಲಿ ತೊಂದರೆ.

ಹೊಳಪಿನಿಂದ ಆಗುವ ಒಂದು ಅನಾಹುತವನ್ನು ಮರೆಯಬೇಡಿ. ಅಪಘಾತವಾಗಿ ಬಂದವರಿಗೆ ತುಂಬಿದ ಮೂತ್ರಕೋಶದ ಹಿಂದೆ ರಕ್ತ ಇದೆಯೇ ಎಂದು ಹುಡುಕುವಾಗ, ಆ ಹೊಳಪಿನಲ್ಲಿ ತೆಳುವಾದ ಕಪ್ಪು ಪದರ ಮುಚ್ಚಿಹೋಗುತ್ತದೆ. ಆ ಆಳದ ಟಿಜಿಸಿ (ಆಳಕ್ಕೆಂದು ಕೊಡುವ ಆ ಹೆಚ್ಚುವರಿ ಬಲ) ಇಳಿಸಿ ಇನ್ನೊಮ್ಮೆ ನೋಡಿ.

ಭುಜದ ಸ್ಕ್ಯಾನಿನಲ್ಲಿ ಸ್ನಾಯುರಜ್ಜು ಒಂದು ಕಡೆ ಕಪ್ಪಗಿದ್ದರೆ ಹರಿದಿದೆ ಎಂದು ಬರೆಯುವ ಮೊದಲು ಪ್ರೋಬಿನ ಒಂದು ತುದಿ ಒತ್ತಿ ಇನ್ನೊಂದು ಎತ್ತಿ, ಹಿಮ್ಮಡಿ-ಮುಂಗಾಲಿನ ಹಾಗೆ ತೂಗಿ ನೋಡಿ. ಕೆಲವೇ ಡಿಗ್ರಿ ಓರೆಯಾದರೂ ರಜ್ಜು ಕಪ್ಪಾಗುತ್ತದೆ, ನೇರವಾದರೆ ಬೆಳ್ಳಗಾಗುತ್ತದೆ. ಹರಿದಿದ್ದರೆ ಎಷ್ಟು ತೂಗಿದರೂ ಕಪ್ಪು ಕಪ್ಪೇ.

ಬಣ್ಣದ ಮೋಸ

ಡಾಪ್ಲರಿನಲ್ಲಿ ಎರಡು ಥರದ ತಪ್ಪು. ಇಲ್ಲದ ಹರಿವು ಕಾಣುವುದು, ಇರುವ ಹರಿವು ಕಾಣದಿರುವುದು. ಎರಡನೆಯದಕ್ಕೆ ನಾನು ಹೆಚ್ಚು ಹೆದರುತ್ತೇನೆ.

ಮೊದಲನೆಯದನ್ನು ಬೇಗ ಹೇಳುತ್ತೇನೆ. ಪಿಆರ್‌ಎಫ್ (ಮಷೀನ್ ಸೆಕೆಂಡಿಗೆ ಎಷ್ಟು ಸಲ ಶಬ್ದ ಕಳಿಸುತ್ತದೆ ಅನ್ನುವುದು) 4000 ಹರ್ಟ್ಸ್ ಇದ್ದರೆ ಅದರ ಅರ್ಧ, 2000 ಹರ್ಟ್ಸ್ ತನಕದ ಫ್ರೀಕ್ವೆನ್ಸಿ ಬದಲಾವಣೆಯನ್ನಷ್ಟೇ ಮಷೀನ್ ಸರಿಯಾಗಿ ಅಳೆಯಬಲ್ಲದು. ಅದನ್ನು ಮೀರಿದರೆ ಕೆಂಪು ಇದ್ದಲ್ಲಿ ನೀಲಿ ಬಂದು, ಹರಿವು ತಿರುಗಿದ ಹಾಗೆ ಕಾಣುತ್ತದೆ. ಸ್ಕೇಲ್ (ಅಳೆಯುವ ವೇಗದ ಮಿತಿ) ಏರಿಸಿ, ಬೇಸ್‌ಲೈನ್ ಸರಿಸಿ. ನಿಜವಾಗಿ ತಿರುಗಿದ ಹರಿವಿನಲ್ಲಿ ಎರಡು ಬಣ್ಣಗಳ ನಡುವೆ ಕಪ್ಪು ಗೆರೆ ಇರುತ್ತದೆ. ಸ್ಕೇಲ್ ಮೀರಿದ್ದರಲ್ಲಿ ಬಣ್ಣಗಳು ತಿಳಿಯಾಗಿ ನೇರ ಒಂದರೊಳಗೊಂದು ಸೇರುತ್ತವೆ. ಕಿಡ್ನಿ ಕಲ್ಲಿನ ಹಿಂದೆ ಮಿಣುಕುವ ಬಣ್ಣ ರಕ್ತವಲ್ಲ, ಕಲ್ಲಿನ ಒರಟು ಮೈಯಿಂದ ಬಂದದ್ದು. ಅದು ಕಲ್ಲಿಗೆ ಬೆಂಬಲದ ಸಾಕ್ಷಿ, ಅದೊಂದೇ ಸಾಲದು. ಸ್ಟೆಂಟಿನಿಂದಲೂ ಸುಣ್ಣಗಟ್ಟಿದ ರಕ್ತನಾಳದಿಂದಲೂ ಅದೇ ಮಿಣುಕು ಬರುತ್ತದೆ.

ಈಗ ಎರಡನೆಯದು. ರಾತ್ರಿ ಹದಿನಾಲ್ಕು ವರ್ಷದ ಹುಡುಗ ಬರುತ್ತಾನೆ, ಒಂದು ಕಡೆ ವೃಷಣದಲ್ಲಿ ತಡೆಯಲಾರದ ನೋವು. ತಿರುಚಿಕೊಂಡಿದ್ದರೆ ಉಳಿಸಲು ಇರುವುದು ಕೆಲವೇ ಗಂಟೆ, ಆರು ಗಂಟೆಯೊಳಗೆ ಆಪರೇಷನ್ ಆದರೆ ಒಳ್ಳೆಯದು. ನೀವು ಕಲರ್ ಹಾಕುತ್ತೀರಿ, ಬಣ್ಣ ಬರುವುದಿಲ್ಲ. ಹಿಂದಿನ ರೋಗಿಯ ಕತ್ತಿನ ಡಾಪ್ಲರಿಗೆ ಇಟ್ಟ ಸ್ಕೇಲ್ ಹಾಗೇ ಉಳಿದಿದ್ದರೆ ನಿಧಾನದ ಹರಿವು ಕಾಣುವುದೇ ಇಲ್ಲ. ಆದ್ದರಿಂದ ನೋವಿಲ್ಲದ ಕಡೆಯಿಂದ ಶುರು ಮಾಡಿ. ಸ್ಕೇಲ್ ಇಳಿಸಿ, ವಾಲ್ ಫಿಲ್ಟರ್ (ನಿಧಾನದ ಚಲನೆಯನ್ನು ಅಳಿಸುವ ಸೋಸುಕ) ಇಳಿಸಿ, ಕಲರ್ ಬಾಕ್ಸ್ ಚಿಕ್ಕದು ಮಾಡಿ, ಬಣ್ಣದ ಚುಕ್ಕಿಗಳು ಉದುರಲು ಶುರುವಾಗುವ ತನಕ ಕಲರ್ ಗೇನ್ ಏರಿಸಿ, ಅಲ್ಲಿಂದ ತುಸು ಇಳಿಸಿ. ಒತ್ತಬೇಡಿ, ಒತ್ತಿದರೆ ಸಣ್ಣ ರಕ್ತನಾಳ ಮುಚ್ಚಿಕೊಳ್ಳುತ್ತದೆ. ಆ ಕಡೆ ಹರಿವು ಚೆನ್ನಾಗಿ ಕಂಡ ಮೇಲೆ ಒಂದು ಗುಂಡಿಯನ್ನೂ ಮುಟ್ಟದೆ ನೋವಿನ ಕಡೆಗೆ ಬನ್ನಿ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲಾದರೆ ಇನ್ನೂ ಒಳ್ಳೆಯದು.

ಹರಿವು ಕಂಡರೂ ತಿರುಚು ಇಲ್ಲ ಎಂದು ಖಚಿತವಾಗುವುದಿಲ್ಲ. ಅರ್ಧಂಬರ್ಧ ತಿರುಚಿದಾಗ ಬಣ್ಣ ಇರಬಹುದು. ಮೇಲಿನ ಹುರಿಯನ್ನು ತೊಡೆಸಂದಿನಿಂದ ಕೆಳತನಕ ಹಿಂಬಾಲಿಸಿ, ಎಲ್ಲಾದರೂ ಸುರುಳಿ ಸುತ್ತಿದೆಯೇ ನೋಡಿ. ಅನುಮಾನ ಇದ್ದರೆ ರಿಪೋರ್ಟ್ ಟೈಪ್ ಆಗುವ ತನಕ ಕಾಯದೆ ಸರ್ಜನ್ನಿಗೆ ಫೋನ್ ಮಾಡಿ.

ರಿಪೋರ್ಟಿನಲ್ಲಿ ಏನು ಬರೆಯಬೇಕು ಎಂದು ಜೂನಿಯರುಗಳು ಕೇಳುತ್ತಾರೆ. ನೋಡಿದ್ದನ್ನು, ಮತ್ತೆ ಅದನ್ನು ಹೇಗೆ ಪರೀಕ್ಷಿಸಿದಿರಿ ಅನ್ನುವುದನ್ನು ಬರೆಯಿರಿ. "ಎಡಮಗ್ಗುಲಿಗೆ ತಿರುಗಿಸಿದಾಗ ಸರಿಯಲಿಲ್ಲ" ಎಂಬ ಒಂದು ಸಾಲು ಮುಂದೆ ನೋಡುವ ಡಾಕ್ಟರಿಗೆ ಎಷ್ಟು ಉಪಯೋಗ ಗೊತ್ತೇ? ನಿಂತ ಚಿತ್ರದ ಬದಲು ಪ್ರೋಬ್ ತೂಗುವಾಗಿನ ಚಿಕ್ಕ ವೀಡಿಯೊ ಉಳಿಸಿ. ಆ ಅವಳಿಯ ದಿನ ನಾನು ಉಳಿಸಿದ್ದು ಎರಡು ಸ್ಟಿಲ್ ಚಿತ್ರ ಮಾತ್ರ, ಎರಡೂ ನಡುಗೆರೆಯದ್ದೇ. ಅವುಗಳನ್ನೇ ಪರದೆಯಲ್ಲಿ ತೋರಿಸಿ, ಹೀಗಾಯಿತು ಎಂದು ಆ ಹೆಣ್ಣುಮಗಳಿಗೆ ಕೂರಿಸಿ ಹೇಳಿದೆ. ಅವರು ತುಂಬಾ ಹೊತ್ತು ನೋಡಿ, "ಹಾಗಾದ್ರೆ ನನ್ನಿಂದ ಏನೂ ತಪ್ಪಾಗಿಲ್ಲ ಅಲ್ವಾ?" ಎಂದು ಕೇಳಿದರು. ಇಲ್ಲಮ್ಮ, ತಪ್ಪು ನನ್ನದು ಎಂದೆ.